ಹಿಂದ ಮುಂದ

ತಂಗಿಯ ಮಗಳು ಸುಗಲಾ ಫೋನು ಮಾಡಿದ್ದಳು:
“ಮೌಶಿ, ಸ್ಟೇಶನ್ ರೋಡಿನ ಮೆಡಿಕಲ್ ಅಂಗಡ್ಯಾಗ
ಸಂಜಿ ಹೊತ್ತು ಹುಡಿಗ್ಯಾರು ಬೇಕಂತ. ಹೋಗ್ಲೇನು?
ಮುಂದ ನೌಕರಿಗೆ ಏನರ ಉಪಯೋಗ ಆಗ್ತದೇನು?”

ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಕುಕ್ಕರಿನ ಸೀಟಿಯ ನೆಪ ಹೇಳಿ ಇಟ್ಟುಬಿಟ್ಟೆ.

ಊರಿಗೆ ಆಗಿನ್ನೂ ಬಿಜಾಪುರ ಎಂದೇ ಬೋರ್ಡು.
ಕೋರ್ಟಿನ ಎದುರು ಗುಣಕಿ ಕಾಕಾನ ಝೆರಾಕ್ಸ್ ಅಂಗಡಿ.
ಕಾಲೇಜು ಬಿಟ್ಟು ಎರಡಕ್ಕೆ ಬಂದರೆ
ದೀಪ ಹಚ್ಚುವ ತನಕ ಅಲ್ಲೇ.
ತಿಂಗಳಿಗೆ ಆರುನೂರು, ದಿನಕ್ಕೆ ಅರ್ಧ ಕಪ್ಪು ಚಹಾ.
ಹೊರಗೆ ಏಪ್ರಿಲಿನ ಬಿಸಿಲು, ಒಳಗೆ ಮಶೀನಿನ ಉಸಿರು,
ಎರಡರ ನಡುವೆ ಒಂದು ಸ್ಟೂಲು,
ಒಂದು ಕಾಲು ಗಿಡ್ಡ.

ಕಾಕಾ ಕಲಿಸಿದ್ದು ಒಂದೇ ಮಾತು:
“ಹಿಂದ ಮುಂದ ಏನಂತ ಕೇಳವ್ವಾ, ಕೇಳದ ಒತ್ತಬ್ಯಾಡ.”
ರೇಶನ್ ಕಾರ್ಡು, ಹೊಲದ ಉತಾರ, ಲೈಸೆನ್ಸು,
ಹಿಂದ ಮುಂದ, ಹಿಂದ ಮುಂದ.
ಉಳಿದದ್ದು ಕೈ ತಾನೇ ಕಲಿಯಿತು:
ಹೊಸ ಕಟ್ಟನ್ನು ಬೀಸಿ ಬಿಡಿಸಿ ತುಂಬುವುದು,
ಸಿಕ್ಕಿಕೊಂಡ ಹಾಳೆಯನ್ನು ಸಿಟ್ಟಿನಿಂದ ಎಳೆಯದೆ
ಉರುಳೆ ತಿರುಗುವ ದಿಕ್ಕಿಗೇ ಮೆಲ್ಲಗೆ ತರುವುದು.

ಬಬಲೇಶ್ವರದ ಹೆಂಗಸಿನ ಸೋಡಚೀಟಿ ಅರ್ಜಿ.
ಓದಬಾರದು ಎಂದು ಗೊತ್ತಿತ್ತು, ಕಣ್ಣು ಓದಿತು.
ಅಪ್ಪನ ಮರಣದ ದಾಖಲೆ ಹಿಡಿದು ಒಬ್ಬ ಹುಡುಗ,
ನನಗಿಂತ ಸಣ್ಣವ:
“ಎಷ್ಟು ಬೇಕಾಗ್ತಾವ್ರಿ ಅಕ್ಕಾರ?”
ಬ್ಯಾಂಕು, ವಿಮೆ, ಕರೆಂಟಿನ ಮೀಟರು, ತಲಾಟಿ…
ಹತ್ತೊಂಬತ್ತರ ವಯಸ್ಸಿಗೆ ನನಗೆ ಆ ಲೆಕ್ಕ ಬಾಯಿಪಾಠ.
ಹನ್ನೆರಡು ತೆಗೆದೆ. ಹತ್ತರ ರೊಕ್ಕ ತಗೊಂಡೆ.
ಕಾಕಾ ಪೇಪರು ಓದುತ್ತಿದ್ದ, ಕಂಡರೂ ಕಾಣದವನಂತೆ.

ನಿಲೋಫರ್ ಇನಾಮದಾರಳ ಮಾರ್ಕ್ಸ್ ಕಾರ್ಡನ್ನೂ
ಗಾಜಿನ ಮೇಲೆ ಬೋರಲು ಹಾಕಿದ್ದು ನಾನೇ.
ಒಂದೇ ಬೆಂಚಿನವಳು. ಎಂಬತ್ತೊಂದು.
ಬೆಳಕು ಒಮ್ಮೆ ಹಾಯಿತು,
ಎಂಬತ್ತೊಂದು ಹಾಳೆಯಿಂದ ಹಾಳೆಗೆ ಹೋಯಿತು.
ನನ್ನ ಬೆರಳಿಗೆ ಅಂಟಿದ್ದು ಬರೀ ಕಪ್ಪು ಪುಡಿ.
ಬೆಳಗಿನ ಅರ್ಥಶಾಸ್ತ್ರದ ತಾಸಿನಲ್ಲಿ
ನಿದ್ದೆ ಮಾಡಿದವಳಿಗೆ ಐವತ್ತೆರಡು.

ಸಹಕಾರಿ ಬ್ಯಾಂಕಿನ ಸಂದರ್ಶನ. ಮೂವರು.
“ಅನುಭವ?”
ಝೆರಾಕ್ಸ್ ಅಂಗಡಿ ಸರ್, ಎರಡು ವರ್ಷ ಏಳು ತಿಂಗಳು.
ಒಬ್ಬ ನಕ್ಕ. ಒಬ್ಬ ಗಡಿಯಾರ ನೋಡಿದ.
ಮೂರನೆಯವ ನನ್ನ ಅರ್ಜಿ ತಿರುವಿ ನೋಡಿದ,
ಅವನೊಬ್ಬನೇ ಹಿಂದ ಮುಂದ ನೋಡಿದವ.
ಹಿಂದೆ ಖಾಲಿ ಇತ್ತು.

ಈಗಿನ ನೌಕರಿ ಸಿಕ್ಕದ್ದು ಬರೆದ ಪರೀಕ್ಷೆಯಿಂದ.
ಅದರಲ್ಲಿ ಮಶೀನಿನ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ,
ಸುಳ್ಳು ಯಾಕೆ ಹೇಳಲಿ.
ಪಾಲಿಕೆಯ ಜನನ-ಮರಣದ ಕಿಟಕಿ ನನ್ನದು.
ದಾಖಲೆ ಕೈಗಿಟ್ಟು, ಅವರು ಕೇಳುವ ಮೊದಲೇ
“ಹನ್ನೆರಡು ಝೆರಾಕ್ಸ್ ಮಾಡಿಸಿಕೊಳ್ರಿ” ಅನ್ನುತ್ತೇನೆ,
ಅಳುವವರು ಒಂದು ಕ್ಷಣ ಅಳು ನಿಲ್ಲಿಸಿ
ತಲೆಯಾಡಿಸುತ್ತಾರೆ.
ಬಡ್ತಿಯ ಪಟ್ಟಿಯಲ್ಲಿ ಇದಕ್ಕೆ ಖಾನೆ ಇಲ್ಲ.
ನಿಲೋಫರ್ ಅಥಣಿಯಲ್ಲಿ ಪ್ರೊಫೆಸರಳು.
ಚೆನ್ನಾಗಿ ಕಲಿಸುತ್ತಾಳಂತೆ, ಹೊಟ್ಟೆಕಿಚ್ಚಿಲ್ಲ;
ಇದ್ದರೂ ಆರುನೂರರಷ್ಟು.

ರಾತ್ರಿ ನಾನೇ ಫೋನು ಹಚ್ಚಿದೆ:
ಪಗಾರ ಎಷ್ಟಂತ ಕೇಳಿದಿ?
ಪರೀಕ್ಷೆ ತಿಂಗಳ ರಜಾ ಕೊಡ್ತಾರೇನು?
ಕುಂದ್ರಾಕ ಏನರ ಐತೋ, ನಿಂತ ಮಾಡಬೇಕೋ?
“ನಾ ಕೇಳಿದ್ದು ಅದಲ್ಲ ಮೌಶಿ.”

ಗೊತ್ತು.

ಆ ಗಿಡ್ಡ ಕಾಲಿನ ಕೆಳಗೆ
ಮಸಿ ಹರಡಿ ಕೆಟ್ಟ ಪ್ರತಿಯೊಂದನ್ನು
ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದೆ ದಿನಾ.
ಯಾರದೋ ಹೆಸರು, ಯಾವುದೋ ಸರ್ವೆ ನಂಬರು.
ಸ್ಟೂಲು ಅಲುಗುತ್ತಿರಲಿಲ್ಲ,
ಸಂಜೆಯವರೆಗಂತೂ.