ಎಷ್ಟು ದಿನ ಬತ್ತದೆ

ಮಂಡ್ಯ, ಗುತ್ತಲು ರಸ್ತೆ. ಮೋಟಾರ್ ವೈಂಡಿಂಗ್ ಅಂಗಡಿ.
ಮುಕ್ತಿಯಾರ್ ಸಾಬರು ನನ್ನ ವೇಪಿನ ಕಾಯಿಲನ್ನು
ಚಿಮಟದಲ್ಲೆತ್ತಿ, ಕನ್ನಡಕ ಹಣೆಗೇರಿಸಿ,
'ಇದೇನ್ಲಾ, ಇರುವೆ ಮನೆ ಹೀಟರ್ರಾ?'

ಹತ್ತೇ ದಿನ ಬಂತು, ಅಂದೆ.
ಹೊಸದು ಸುತ್ತುಕೊಟ್ರೆ ಎಷ್ಟು ದಿನ ಬತ್ತದೆ?

'ತಂತಿ ಸತ್ತಿಲ್ಲ ಕಣ್ಲಾ.
ಆಲೆಮನೆ ಕೊಪ್ಪರಿಗೆ ತಳದಂಗೆ
ನಿನ್ನ ಮಾವಿನಹಣ್ಣಿನ ಸಿಹಿ
ಸೀದು ಕೂತದೆ.'

ಬೆಂಕಿಗೆ ಹಿಡಿದರು.
ಕರಿ ಉದುರಿತು, ಒಳಗಿನಿಂದ
ಏಳು ಸುತ್ತು ಕೆಂಪಗೆ ಎದ್ದವು.
'ಹತ್ತಿ ಮಾತ್ರ ಬದಲಾಯಿಸ್ತಿರು.
ಇನ್ನೈದಾರು ಸಲ ಹಿಂಗೆ ಸುಡಬೌದು,
ಆಮೇಲೆ ತೆಳ್ಳಗಾಗಿ
ಹೇಳದೆ ಕೇಳದೆ ತುಂಡಾಯ್ತದೆ.'

ದುಡ್ಡು ಬೇಡವೆಂದರು.
ಕೆಂಪು ಆರುವ ಮುಂಚೆ
ಅದಕ್ಕೇ ಬೀಡಿ ತಾಗಿಸಿ ಎಳೆದು, ಕೆಮ್ಮಿ,
ಎದೆ ತಟ್ಟಿಕೊಂಡರು:
'ನಂದು ನಲವತ್ತು ವರ್ಷದ್ದು.
ಹತ್ತಿ ಬದಲಾಯಿಸಿಲ್ಲ.'