ಷರಾ

ರಾತ್ರಿ ಎರಡೂಕಾಲಿಗೆ
ಹದಿನಾಲ್ಕು ಅಂಗಡಿಗಳ ದಿನ ಬಂದು ಬೀಳುತ್ತದೆ
ರಾಜಾಜಿನಗರದ ನಮ್ಮ ಮೂರನೇ ಮಹಡಿಯ ಲೆಕ್ಕಕ್ಕೆ.
ಮಹಡಿಯಲ್ಲಿ ಆಗ ಯಾರೂ ಇರುವುದಿಲ್ಲ.
ನಿಪ್ಪಟ್ಟು ಇಷ್ಟು ಕೇಜಿ, ಕೋಡುಬಳೆ ಇಷ್ಟು,
ಬೆಣ್ಣೆ ಮುರುಕು, ಅವಲಕ್ಕಿ ಮಿಕ್ಸ್ಚರ್,
ನಗದು, ಯುಪಿಐ, ವಾಪಸು ಬಂದದ್ದು, ಮುರಿದು ಪುಡಿಯಾದದ್ದು.

ಡೇಟಾ ವೇರ್‌ಹೌಸ್ ಅಂತ ಮೂರು ಸಲ ಬಿಡಿಸಿ ಹೇಳಿದ ಮೇಲೆ
ರಂಗಧಾಮ ಶೆಟ್ಟರು, "ಸರಿ ಕಣಮ್ಮ, ಹಗೇವು" ಅಂದರು.
"ಒಳಗಿಳಿಯೋ ಮುಂಚೆ ಒಂದು ದೀಪ ಇಳಿಬಿಟ್ಟು ನೋಡು.
ಆರಿಹೋದರೆ ಗಾಳಿ ಸರಿಯಿಲ್ಲ."
ನಕ್ಕೆ. ನಮ್ಮಲ್ಲಿ ದೀಪವೆಂದರೆ
ಹಸಿರು, ಹಳದಿ, ಕೆಂಪು.

ಪೀಣ್ಯ ಎರಡನೇ ಹಂತ ಕೆಂಪು.
ಮಾರ್ಚ್‌ನಿಂದ ಕೆಂಪು.
ಸಂಜೆ ಐದೂವರೆಯಿಂದ ಆರೂಕಾಲು, ಅಷ್ಟರಲ್ಲೇ
ಗೆರೆ ಜಾರಿತ್ತು, ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ.
ಸೋಮವಾರದ ಮೀಟಿಂಗಿನಲ್ಲಿ ಅದನ್ನು ಗೋಡೆಗೆ ಬಿಟ್ಟೆ.
ಬಾಡಿಗೆ, ಕರೆಂಟು, ಇಬ್ಬರ ಸಂಬಳ ಕಳೆದು ತೋರಿಸಿದೆ.
"ಮುಚ್ಚೋಣ" ಅಂದಳು ಶೆಟ್ಟರ ಮಗಳು ವಾಸವಿ.
ಯಾರೂ ಬೇಡವೆನ್ನಲಿಲ್ಲ. ನಾನೂ.
ಶೆಟ್ಟರು ಮಾತ್ರ ಪೆನ್ನಿನ ಮುಚ್ಚಳ ತೆಗೆದು,
ಹಾಕಿ, ತೆಗೆದು,
"ಯಾಕಂತೆ?" ಅಂದರು.

ಯಾಕೆ ಎಂಬ ಕಲಂ ನನ್ನಲ್ಲಿರಲಿಲ್ಲ.

ಇತ್ತು. ನಾನೇ ತೆಗೆಸಿದ್ದೆ.
ಅಂಗಡಿ ಮುಚ್ಚುವಾಗ ತುಂಬುವ ಕೊನೆಯ ಖಾನೆ, ಷರಾ.
ಎರಡು ವರ್ಷದ ಹಿಂದೆ ನಾನೇ ಬರೆದ ಸಾಲು:
ಅಂಕಿಯಲ್ಲದ್ದು ಏನಿದ್ದರೂ ಜೊಳ್ಳು, ತೂರಿಬಿಡು.
ಆ ಸಾಲು ದಿನಾ ಮೊರ ಹಿಡಿದು ನಿಂತಿತ್ತು
ಯುಗಾದಿಯೆನ್ನದೆ, ಭಾನುವಾರವೆನ್ನದೆ.

ಜೊಳ್ಳು ಬಿದ್ದ ಮೂಲೆ ಹುಡುಕಿದೆ ಅವತ್ತು ರಾತ್ರಿ.
ಅಳಿಸಲು ಯಾರಿಗೂ ನೆನಪಾಗದೆ ಉಳಿದ ಕಡತ.
ಪೀಣ್ಯ, ಗಲ್ಲಾ ಎರಡು, ಮುನಿಲಕ್ಷ್ಮಮ್ಮ,
ಇಂಗ್ಲಿಷ್ ಅಕ್ಷರಗಳಲ್ಲಿ ಒದ್ದಾಡುವ ಕನ್ನಡ:

ಮಾರ್ಚ್ ನಾಲ್ಕು. ಗಾರ್ಮೆಂಟ್ಸ್ ಮುಂದಿನ ಗೇಟು ಬೀಗ. ಹುಡುಗೀರನ್ನ ಹಿಂದಿನ ಗೇಟಲ್ಲಿ ಬಿಡ್ತಾರೆ.
ಮಾರ್ಚ್ ಆರು. ಅಲ್ಲಿಂದ ಸೀದಾ ಬಸ್ಸಿಗೆ. ಈ ಕಡೆ ಬರಲ್ಲ.
ಮಾರ್ಚ್ ಹತ್ತೊಂಬತ್ತು. ಹಿಂದುಗಡೆ ಒಂದು ಮೇಜು ಹಾಕಿದ್ರೆ ಸಾಕು ಸಾರ್.
ಏಪ್ರಿಲ್ ಎರಡು. ಮೇಜು ನಮ್ಮನೇದೇ ಇದೆ.
ಏಪ್ರಿಲ್ ಮೂವತ್ತು. ಮೇಜು.

ಆಮೇಲೆ ದಿನಾ ಬರೀ ಒಂದು ಚುಕ್ಕಿ.
ಖಾನೆ ಖಾಲಿ ಬಿಟ್ಟರೆ ದಿನದ ಲೆಕ್ಕ ಮುಗಿಯುವುದಿಲ್ಲ.

ಮೇಜು ಹಾಕಿದರು.
ಹಾಕಿದ ದಿನ ಮಳೆ. ಮಾರನೆಯ ದಿನ ಸೆಕ್ಯುರಿಟಿಯವನು ಎಬ್ಬಿಸಿದ.
ಮೂರನೇ ವಾರ ಗೆರೆ ತಲೆಯೆತ್ತಿತು,
ಪೂರ್ತಿಯಲ್ಲ, ಹಳದಿಯವರೆಗೆ.
ಈ ಏರಿಕೆಗೆ ಕಾರಣ ಯಾವುದೆಂದು ಹಾಕುವುದು, ವಾಸವಿ ಕೇಳಿದಳು.
ಪಟ್ಟಿಯಲ್ಲಿ ರಿಯಾಯಿತಿ ಇತ್ತು, ಹಬ್ಬ ಇತ್ತು, ಜಾಹೀರಾತು ಇತ್ತು,
ಮೇಜು ಇರಲಿಲ್ಲ.
'ಇತರೆ' ಅಂತ ಹಾಕಿದೆವು.

ಈಗ ಷರಾ ತೂರದೆ ಒಳಗೆ ಬರುತ್ತದೆ.
ಕಾಫಿಗೆ ಮುಂಚೆ ಓದುತ್ತೇನೆ.
ಬಸವೇಶ್ವರನಗರ: ಫ್ಯಾನು ಕೆಟ್ಟು ಹನ್ನೊಂದು ದಿನ.
ಶ್ರೀರಾಮಪುರ: ಖಾರ ಹೆಚ್ಚು ಅಂತ ಮೇಷ್ಟ್ರು ಬೈದ್ರು, ಕಾಲು ಕೇಜಿ ತಗೊಂಡ್ರು.
ಮತ್ತಿಕೆರೆ: ಚುಕ್ಕಿ.
ಮತ್ತಿಕೆರೆಯ ಚುಕ್ಕಿಯನ್ನು ಸ್ವಲ್ಪ ಹೆಚ್ಚೇ ನೋಡುತ್ತೇನೆ.
ಬಹುಪಾಲು ಇದರಿಂದ ಯಾವ ತೀರ್ಮಾನವೂ ಹುಟ್ಟುವುದಿಲ್ಲ.

ಮೊನ್ನೆ ಪೀಣ್ಯದಿಂದ:
ಇದನ್ನ ಓದೋರಿಗೆ. ಊಟ ಆಯ್ತಾ.

ಹದಿನಾಲ್ಕು ಅಂಗಡಿಯಿಂದ ಇಲ್ಲಿಗೆ ದಾರಿ ಹಾಕಿದ್ದೇನೆ,
ಇಲ್ಲಿಂದ ಅಲ್ಲಿಗೆ ಹಾಕಿಲ್ಲ.
ಸಂಜೆ ಹಸಿರು ಮೆಟ್ರೋ ಹತ್ತಿದೆ.
ಹೇಗಿದ್ದರೂ ಮನೆಯಲ್ಲಿ ನಿಪ್ಪಟ್ಟು ಮುಗಿದಿತ್ತು.

ಅಂದು ರಾತ್ರಿ ಎರಡೂಕಾಲಿಗೆ
ನಾನೂ ಬಂದು ಬಿದ್ದೆ, ಒಂದು ಸಾಲಾಗಿ:
ನಿಪ್ಪಟ್ಟು, ಕಾಲು ಕೇಜಿ, ನಗದು.
ಅಂದಿನ ಷರಾ:
ಆಯ್ತಂತೆ.