ಸೊಟ್ಟಗೆ ಕೊಯ್ಯುವ ಕೂಲಿ

ಕೂಲಿ ಸರಕಾರದ್ದು, ಮಧ್ಯಾಹ್ನ ಬೀನ್ಸ್ ಸಾರು.
ಷರತ್ತು ಒಂದೇ: ಹಲಗೆಯ ಅಂಚು ನೇರ ಬರಬಾರದು.
ವಾಷಿಂಗ್ಟನ್ನಿನಿಂದ ಬಂದ ನಕ್ಷೆಯವನು
ಬೂಟಿನ ಕೆಸರು ಕೆರೆಯುತ್ತ ಅಂದ:
"ಲೂಥರ್, ಶಿಬಿರ ನೆಲದಿಂದ ತಾನೇ ಎದ್ದಂತಿರಲಿ.
ತೊಗಟೆ ಇರಲಿ, ಗಂಟು ಇರಲಿ,
ನೂರು ವರ್ಷ ಹಳತು ಅನ್ನಿಸಬೇಕು."

ಅಪ್ಪ ದಾರ ಹಿಡಿದು ಗೆರೆ ಕಲಿಸಿದವನು,
ಕೂದಲೆಳೆ ಓರೆಯಾದರೂ ಮತ್ತೆ ಕೊಯ್ಯಿಸುತ್ತಿದ್ದ.
ಅವನದೇ ಗರಗಸದಲ್ಲಿ ಸೊಟ್ಟ ಕಲಿತೆ
ನಲವತ್ತೊಂದನೆಯ ವಯಸ್ಸಿನಲ್ಲಿ.

ಮರ ಚೆಸ್ಟ್‌ನಟ್. ರೋಗ ಬಡಿದು
ಬೆಟ್ಟಕ್ಕೆ ಬೆಟ್ಟವೇ ನಿಂತಲ್ಲೇ ಸತ್ತಿತ್ತು.
ಹೊರಗೆ ಬೂದಿ; ಕೊಯ್ದರೆ
ಒಳಗಿನ್ನೂ ಜೇನು.

ಕಲ್ಲಿಗೆ ದೂರ ಹೋಗಬೇಕಿರಲಿಲ್ಲ.
ಕೆಳಗಿನ ಹೊಲಕ್ಕೆ ಕಲ್ಲಿನ ಬೇಲಿ ಇತ್ತು,
ಅದರಾಚೆ ಒಂದು ಮನೆ.
ನಮ್ಮದು. ಸರಕಾರ ಕೊಂಡದ್ದು.
ಎಂಬತ್ತು ವರ್ಷ, ನಿಜವಾಗಿ ಹಳತು.
ಅದನ್ನು ಮಂಗಳವಾರ ಕೆಡವಿದೆವು,
ಊಟದ ಹೊತ್ತಿಗೆ ಮುಗಿಯಿತು.

ನಡುವೆ ಸವೆದು ತಗ್ಗಾದ ಹೊಸ್ತಿಲ ಕಲ್ಲು
ನಕ್ಷೆಯವನಿಗೆ ಬಹಳ ಹಿಡಿಸಿತು.
ಏಳನೆಯ ಗುಡಿಸಲಿಗೆ ಹಾಕಿಸಿದ.
"ಇಂಥವು ಇನ್ನೂ ಮೂರು ಸಿಗಬಹುದೆ?"
ನನ್ನ ಬಾಯಲ್ಲಿ ಮೊಳೆಗಳಿದ್ದವು.

ಜುಲೈಯಲ್ಲಿ ಬಾಲ್ಟಿಮೋರಿನ ಬಸ್ಸು ಬಂತು.
ಹೇನಿನ ಔಷಧಿ ನಾರುವ ತಲೆಗಳು,
ಹಿರಿಯರ ಬೂಟು ತೊಟ್ಟ ಕಾಲುಗಳು,
ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ಓಣಿಯ ಹುಡುಗಿಯರು
ತಮ್ಮದೇ ಒಂದು ಮಂಚವೆಂದು ನಂಬದೆ
ಎರಡೆರಡು ಸಲ ಕೇಳಿದರು.

ನಾನು ಏಣಿಯ ಮೇಲಿದ್ದೆ, ಸೋರುವ ಮಾಡಿಗೆ.
ಒಬ್ಬಳು, ಫ್ರೈಡಾ ಎಂದೇನೋ ಕೂಗಿದರು,
ಹೊಸ್ತಿಲ ತಗ್ಗಿನಲ್ಲಿ ನಿಂತ ನೀರಿಗೆ
ಹೆಬ್ಬೆರಳು ಅದ್ದಿ ನೋಡಿ,
ಬಾಗಿಲು ತೆರೆದೇ ಇದ್ದರೂ
ತಟ್ಟಿದಳು. ಕಾದಳು.